ನಮ್ಮ ಮನೆಯಿಂದ ಕೈ ಎತ್ತಿದವರು

ಆ ಬೆಳಿಗ್ಗೆ ನಾನು ಇಬ್ಬರು ವಿದೇಶಿ ಹೆಂಗಸರಿಗೆ ಒಂದು ಸುಳ್ಳು ಹೇಳಿದೆ. ಮೈಸೂರಿಗೆ ಹೋಗುವ ದೊಡ್ಡ ರಸ್ತೆಯಲ್ಲಿ ರಿಪೇರಿ ನಡೆದಿದೆ, ಎಸ್ಟೇಟಿನ ಒಳದಾರಿಯಲ್ಲಿ ಹೋಗೋಣ, ತೋಟ ನೋಡಿದ ಹಾಗೂ ಆಗುತ್ತದೆ ಎಂದೆ. ಅವರು ಖುಷಿಯಾಗಿ ಜೀಪು ಹತ್ತಿದರು. ರಸ್ತೆಗೆ ಏನೂ ಆಗಿರಲಿಲ್ಲ. ರಸ್ತೆಯ ಮೇಲೆ ನಮ್ಮೂರಿನವರು ಧರಣಿ ಕೂತಿದ್ದರು, ಅಷ್ಟೆ. ಅವರ ಜೊತೆ ಕೂರಬೇಕಾಗಿದ್ದ ನಾನು ಮುಖ ತಪ್ಪಿಸಿಕೊಂಡು ಓಡುತ್ತಿದ್ದೆ.

ಕೊಡಗಿನ ಈ ಚೆಟ್ಟಳ್ಳಿ ಕಡೆಗೆ ನಾವು ಆಮೇಲೆ ಬಂದವರು. ನಮ್ಮ ಮೂಲ ಶನಿವಾರಸಂತೆಯ ಹತ್ತಿರ. ಮಾವನವರು ಏಲಕ್ಕಿ ವ್ಯಾಪಾರ ಮಾಡಿಕೊಂಡು ಈ ಕಡೆ ಬಂದು ಸಣ್ಣದೊಂದು ಕಾಫಿ ತೋಟ ಹಿಡಿದರು. ಹಣೆಗೆ ವಿಭೂತಿ, ಮನೆಯಲ್ಲಿ ಸೊಪ್ಪುಸಾರು. ಕೆಲವು ವರ್ಷದ ಹಿಂದೆ ಮೂರು ಕೋಣೆಗೆ ಸುಣ್ಣಬಣ್ಣ ಮಾಡಿಸಿ ಹೋಂಸ್ಟೇ ಎಂದು ಬೋರ್ಡು ಹಾಕಿದಾಗ ಊರವರು ನಕ್ಕಿದ್ದೇ ನಕ್ಕಿದ್ದು. ಕೊಡಗಿಗೆ ಬರುವವರು ಹಂದಿ ಮಾಂಸ ಎಲ್ಲಿ ಸಿಗುತ್ತದೆ ಎಂದು ಹುಡುಕಿಕೊಂಡು ಬರುತ್ತಾರೆ, ಇವರು ಸೊಪ್ಪುಸಾರು ಬಡಿಸುತ್ತಾರಂತೆ ಎಂದು. ಅಂದಿನಿಂದ ಊರಿನಲ್ಲಿ ನಮಗೆ 'ಸೊಪ್ಪುಸಾರಿನ ಮನೆ' ಎಂದೇ ಹೆಸರು. ನಾನೂ ಬಿಡಲಿಲ್ಲ, ನಿಮ್ಮ ಮನೆಗೆ ಬಂದ ನೆಂಟರು ಮೂರನೇ ದಿನ ಹೊಟ್ಟೆ ಹಿಡಿದುಕೊಂಡು ನಮ್ಮ ಮನೆಗೇ ಬರುತ್ತಾರೆ ಎಂದು ತಿರುಗಿಸಿ ಹೇಳಿದೆ. ನನ್ನ ಬಾಯಿ ಮೊದಲಿನಿಂದಲೂ ಹಾಗೆಯೇ. ಆ ಬಾಯಿಯಿಂದಲೇ ಆ ವರ್ಷ ಒಂದು ಅನರ್ಥ ಆಯಿತು.

ಜನವರಿ ಕೊನೆಯ ವಾರ. ರೊಬಸ್ಟಾ ಕಾಫಿ ಹಣ್ಣು ಗಿಡದಲ್ಲೇ ಕಪ್ಪಾಗತೊಡಗಿತ್ತು. ಬೀಳಬಾರದ ಹೊತ್ತಿನಲ್ಲಿ ಮಳೆ ಬೀಳುವ ಹಾಗೆ ಮೋಡ ಕಟ್ಟಿತ್ತು. ನನ್ನ ಗಂಡ ಮೆಣಸು ಹಣ್ಣಾಗಿದೆಯೇ ನೋಡುತ್ತೇನೆಂದು ಏಣಿ ಹತ್ತಿ, ಏಣಿಯ ಜೊತೆಗೇ ಕೆಳಗೆ ಬಂದು, ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಜಗಲಿಯಲ್ಲಿ ಕೂತಿದ್ದರು. ತೋಟ, ಹೋಂಸ್ಟೇ, ಜೀಪು ಎಲ್ಲ ನನ್ನ ತಲೆಯ ಮೇಲೆ. ಪಿಕ್ಕಿಂಗಿಗೆ ಬರುವ ಹೆಂಗಸರು ಪಕ್ಕದ ದೊಡ್ಡ ಎಸ್ಟೇಟಿನ ಲೈನುಮನೆಗಳಲ್ಲಿ, ಅಂದರೆ ಕೆಲಸದವರ ಸಾಲುಮನೆಗಳಲ್ಲಿ, ಇರುವವರು. ಅಲ್ಲಿ ಕುಯಿಲು ಮುಗಿದ ಮೇಲೆ ನಮ್ಮ ತೋಟಕ್ಕೆ ಬರುತ್ತಾರೆ. ಅವರಲ್ಲಿ ಹಿರಿಯಳು ಒಬ್ಬಳಿದ್ದಳು, ಹನ್ನೊಂದು ಕುಯಿಲಿನಿಂದ ನಮ್ಮಲ್ಲಿ ಹಣ್ಣು ಕೀಳುತ್ತಿದ್ದವಳು. ತಮಿಳು ಮನೆಮಾತು, ಕನ್ನಡ ನಮ್ಮಷ್ಟೇ ಚೆನ್ನಾಗಿ ಬರುತ್ತಿತ್ತು, ಬೈಗುಳ ಎರಡರಲ್ಲೂ ಬರುತ್ತಿತ್ತು. ಎಲ್ಲರನ್ನೂ ಸೇರಿಸಿ ಕರೆದುಕೊಂಡು ಬರುವವಳು ಅವಳೇ.

ಮಾಮೂಲಿಗೆ ಅವರು ಬರುವುದು ಎಂಟು ಗಂಟೆಗೆ, ಬಿಸಿಲು ಬಿದ್ದ ಮೇಲೆ. ನಾನು ಮೋಡ ನೋಡಿಕೊಂಡು, "ನಾಳೆ ಆರೂವರೆಗೆಲ್ಲ ಬಂದ್ಬಿಡಿ" ಎಂದೆ.

"ಮಂಜು ಇರ್ತದಲ್ಲಮ್ಮಾ" ಎಂದಳು ಅವಳು.

"ಮಂಜೇನು ಹಣ್ಣು ಕೀಳುತ್ತಾ? ಕೀಳೋಳು ನೀನು. ಬಾ ಸುಮ್ನೆ" ಎಂದೆ.

ಅವಳು ಬಂದಳು. ಲೈನಿನಿಂದ ನಮ್ಮ ತೋಟಕ್ಕೆ ಇರುವ ಕಾಲುದಾರಿಯಲ್ಲಿ, ಮಂಜಿನೊಳಗೆ, ಒಂಟಿ ಆನೆಯೊಂದು ನಿಂತಿತ್ತು. ಎಲ್ಲರಿಗಿಂತ ಮುಂದೆ ನಡೆಯುತ್ತಿದ್ದವಳು ಅವಳೇ. ಹಿಂದಿದ್ದವರು ಓಡಿ ಉಳಿದುಕೊಂಡರು. ಆನೆ ಅವಳನ್ನು ಸೊಂಡಿಲಿನಿಂದ ಪಕ್ಕಕ್ಕೆಸೆದು, ಬೇಲಿ ಮುರಿದುಕೊಂಡು ಹೋಯಿತು. ಸೊಂಟದ ಮೂಳೆ ಮುರಿಯಿತು, ಎಡತೊಡೆ ಮುರಿಯಿತು, ಜೀವವೊಂದು ಉಳಿಯಿತು. ಮಡಿಕೇರಿಗೆ ಒಯ್ದರು, ಅಲ್ಲಿಂದ ಮೈಸೂರಿಗೆ ಒಯ್ದರು.

ಆಮೇಲಿನ ಐದು ದಿನ ನಾನು ಆಸ್ಪತ್ರೆಗೆ ಹೋಗಲಿಲ್ಲ. ಗಂಡನ ಕಾಲು, ಹೋಂಸ್ಟೇಯ ನೆಂಟರು, ಕಣದಲ್ಲಿ ಹರವಿದ ಕಾಫಿ ಎಂದು ನೆಪ ಹೇಳಿಕೊಂಡೆ. ನಿಜ ಏನೆಂದರೆ ಅವಳ ಮುಖ ನೋಡುವ ಧೈರ್ಯ ನನಗಿರಲಿಲ್ಲ. ಯಾರೂ ನನ್ನನ್ನು ಏನೂ ಕೇಳಲಿಲ್ಲ. ಕೇಳಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆನೇನೋ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರೆ. ಯಾರೂ ಕಳ್ಳ ಅನ್ನದೆಯೇ ನಾನು ದಿನಕ್ಕೆ ಹತ್ತು ಸಲ ಹೆಗಲು ಮುಟ್ಟಿಕೊಳ್ಳುತ್ತಿದ್ದೆ.

ಊರಿನಲ್ಲಿ ಸಭೆ ಸೇರಿತು. ಆ ಸುತ್ತಿನಲ್ಲಿ ಆನೆಗೆ ಸಿಕ್ಕಿದವರಲ್ಲಿ ಅವಳು ಮೊದಲನೆಯವಳೇನಲ್ಲ. ಅವಳ ಚಿಕಿತ್ಸೆ ಅರಣ್ಯ ಇಲಾಖೆಯೇ ನೋಡಿಕೊಳ್ಳಬೇಕು, ಕಾಡಿನ ಅಂಚಿಗೆ ಗಟ್ಟಿ ಬೇಲಿ ಹಾಕಬೇಕು, ಅಲ್ಲಿಯವರೆಗೆ ರಸ್ತೆ ಬಿಡುವುದಿಲ್ಲ ಎಂದು ತೀರ್ಮಾನವಾಯಿತು. ಸುತ್ತಲಿನ ಊರಿನವರೂ ಬರುತ್ತೇವೆಂದರು. ನಮ್ಮೂರಿನಿಂದ ಮನೆಗೊಬ್ಬರು.

ಈ 'ಮನೆಗೊಬ್ಬರು' ನಮ್ಮೂರಿನ ಹಳೇ ಕಟ್ಟು. ಮಳೆಗಾಲದ ಮುಂಚೆ ದಾರಿಯ ಕಾಡು ಕಡಿಯುವುದಕ್ಕೆ ಮನೆಗೊಬ್ಬರು. ಸಾವಿನ ಮನೆಯಲ್ಲಿ ಸೌದೆ ಒಡೆಯುವುದಕ್ಕೆ ಮನೆಗೊಬ್ಬರು. ಕೊಡವರಾಗಲಿ, ಗೌಡರಾಗಲಿ, ಅಂಗಡಿ ಇಟ್ಟ ಮಲಯಾಳಿಗಳಾಗಲಿ, ನಮ್ಮಂಥ ಬಂದವರಾಗಲಿ, ಈ ಲೆಕ್ಕದಲ್ಲಿ ಎಲ್ಲರೂ ಒಂದೊಂದು ಮನೆ. ರಿಟೈರಾದ ಮೇಷ್ಟ್ರೊಬ್ಬರ ಹತ್ತಿರ ಇದಕ್ಕೊಂದು ಹಾಜರಿ ಪುಸ್ತಕವಿದೆ. ಶಾಲೆ ಬಿಟ್ಟರೂ ಹಾಜರಿ ಕೂಗುವ ಚಟ ಅವರನ್ನು ಬಿಟ್ಟಿಲ್ಲ ಎಂದು ನಾವು ಆಡಿಕೊಳ್ಳುತ್ತೇವೆ. ಬಾರದವರಿಗೆ ದಂಡವೇನೂ ಇಲ್ಲ. ಹೆಸರಿನ ಮುಂದೆ ಒಂದು ಸೊನ್ನೆ ಬೀಳುತ್ತದೆ, ಅದನ್ನು ಎಲ್ಲರೂ ನೋಡುತ್ತಾರೆ. ನಮ್ಮ ಅತ್ತೆ ತೀರಿಕೊಂಡ ಸುರಿಮಳೆಯ ದಿನ ಎಲ್ಲ ಮನೆಯಿಂದಲೂ ಒಬ್ಬೊಬ್ಬರು ಬಂದು ನಿಂತಿದ್ದರು. ಈ ಊರಿನಲ್ಲಿ ನಮಗೆ ಬೇರೆ ಬಳಗವಿಲ್ಲ. ಆ ಪುಸ್ತಕದಲ್ಲಿ ಇದ್ದೇವೆ ಎನ್ನುವುದರಿಂದಲೇ ನಾವು ಊರಿನವರು.

ಗಂಡನ ಕಾಲಿಗೆ ಪ್ಲಾಸ್ಟರ್. ಆದ್ದರಿಂದ ನಮ್ಮ ಮನೆಯಿಂದ ಹೋಗಬೇಕಾದವಳು ನಾನು. ಆದರೆ ಅಲ್ಲಿ ಅವಳ ಗಂಡ ಕೂತಿರುತ್ತಾನೆ, ಜೊತೆಯ ಹೆಂಗಸರು ಕೂತಿರುತ್ತಾರೆ. ಆರೂವರೆಗೆ ಬರಹೇಳಿದ್ದು ಯಾರು ಎಂದು ಒಬ್ಬರಾದರೂ ಕೇಳಿದರೆ? ಆ ಇಬ್ಬರು ವಿದೇಶಿ ನೆಂಟರನ್ನು ಮೈಸೂರಿನ ರೈಲಿಗೆ ಬಿಡಬೇಕು ಎಂಬುದು ನನಗೆ ದೇವರು ಕೊಟ್ಟ ನೆಪವಾಯಿತು.

"ಬೇರೆ ಗಾಡಿ ಮಾಡಿ ಕಳ್ಸು, ನೀನು ಅಲ್ಲಿಗೆ ಹೋಗು" ಎಂದರು ನನ್ನ ಗಂಡ.

"ಬೇರೆ ಗಾಡಿಯೋರೂ ಅಲ್ಲೇ ಕೂತಿರ್ತಾರೆ" ಎಂದೆ.

"ಊರಿಗೊಂದು ದಾರಿಯಾದ್ರೆ ಪೋರನಿಗೊಂದು ದಾರಿ ಅಂತ ಹೊರಟಿದ್ದೀಯಾ. ಹೋಗ್ಬಾ" ಎಂದು ಪೇಪರ್ ಮುಖಕ್ಕೆ ಹಿಡಿದರು. ಅವರು ಜಗಳವಾಡುವುದು ಹೀಗೆ.

ನೆಂಟರು ಯಾರೆಂದು ಹೇಳಬೇಕು. ಹಾಲೆಂಡಿನ ಕಡೆಯ ಅಕ್ಕ ತಂಗಿ, ಇಬ್ಬರಿಗೂ ಅರವತ್ತೈದು ದಾಟಿತ್ತು. ಅಕ್ಕ ಅವರ ಊರಿನಲ್ಲಿ ಟ್ರಾಮ್ ಓಡಿಸುತ್ತಿದ್ದವರು. ತಂಗಿ ಲೈಬ್ರರಿಯಲ್ಲಿದ್ದವರು, ಯಾವಾಗಲೂ ಗಡಿಯಾರ ನೋಡುವವರು. ಅಕ್ಕನ ಸೊಂಟಕ್ಕೆ ಆಪರೇಷನ್ ಆಗಿ ಲೋಹದ ಕೀಲು ಹಾಕಿದ್ದರು. ಜೀಪಿನ ಹಿಂದೆ ಹತ್ತಲು ಆಗುತ್ತಿರಲಿಲ್ಲ, ಮುಂದಿನ ಸೀಟೇ ಬೇಕು, ಅದಕ್ಕೂ ಬಲಗಾಲು ಮೊದಲಿಟ್ಟು ಓರೆಯಾಗಿ ಹತ್ತುತ್ತಿದ್ದರು. ನನ್ನ ಇಂಗ್ಲಿಷು ಹೋಂಸ್ಟೇ ಇಂಗ್ಲಿಷು. ಬಿಸಿನೀರು, ಊಟ, ಜಿಗಣೆ, ಆನೆ, ಇಷ್ಟರಲ್ಲೇ ನಡೆಯುತ್ತದೆ. ಅಕ್ಕ ಮಾತ್ರ ನಾಲ್ಕು ದಿನದಲ್ಲಿ ಒಂದು ಕನ್ನಡದ ಮಾತು ಕಲಿತಿದ್ದರು. ನಾನು ಅಡುಗೆಮನೆಯಿಂದ "ಊಟ!" ಎಂದು ಕೂಗಿದರೆ ಕೋಣೆಯೊಳಗಿನಿಂದ "ಬಂದೆ!" ಎನ್ನುವರು. ಅದನ್ನು ನನ್ನ ಗಂಡನಿಂದ ಕಲಿತದ್ದು. ಮೂವತ್ತು ವರ್ಷದಿಂದ ಅವರು ಊಟಕ್ಕೆ ಕೂಗಿದಾಗಲೆಲ್ಲ ಹೇಳುವುದು ಅದನ್ನೇ, ಬರುವುದು ಮಾತ್ರ ಸಾರು ಆರಿದ ಮೇಲೆ.

ಒಳದಾರಿಯಲ್ಲಿ ಎರಡು ಮೈಲಿ ಹೋಗಿರಬಹುದು. ದೊಡ್ಡ ಎಸ್ಟೇಟಿನ ಗೇಟಿಗೆ ಸರಪಳಿ ಬಿದ್ದಿತ್ತು. ಆ ಗೇಟು ಹಗಲು ಹಾಕಿದ್ದನ್ನು ನಾನು ಕಂಡಿರಲಿಲ್ಲ. ಹಾರನ್ ಹೊಡೆದೆ. ವಾಚ್‌ಮನ್ ಇಲ್ಲ, ಲೆಕ್ಕ ಬರೆಯುವ ರೈಟರ್ ಇಲ್ಲ. ಗೇಟಿನ ತಗಡಿನ ಮೇಲೆ ಸೀಮೆಸುಣ್ಣದಲ್ಲಿ 'ಎಲ್ಲರೂ ಧರಣಿಗೆ ಹೋಗಿದ್ದೇವೆ' ಎಂದು ಬರೆದಿತ್ತು. ಗೇಟು ಕಾಯುವವನಿಗೆ ಇರುವ ನಿಯತ್ತು ನಿನಗಿಲ್ಲವಲ್ಲೇ ಎಂದುಕೊಂಡೆ. ಆದರೂ ಬುದ್ಧಿ ಬರಲಿಲ್ಲ. ಜೀಪು ತಿರುಗಿಸಿ ದೊಡ್ಡ ರಸ್ತೆಗೆ ಬಂದೆ. ಅವರು ಕೂತಿರುವುದು ಪೇಟೆಯ ಕೂಡುರಸ್ತೆಯಲ್ಲಿ, ಅದಕ್ಕೂ ಮೊದಲೇ ಕುಶಾಲನಗರದ ಕಡೆ ತಿರುಗಿಬಿಟ್ಟರೆ ಬದುಕಿದೆ ಎಂದು ನನ್ನ ಲೆಕ್ಕ. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸು ಅನ್ನುತ್ತಾರಲ್ಲ.

ತಿರುವು ದಾಟಿದ ಕೂಡಲೇ ಬ್ರೇಕ್ ಹಾಕಿದೆ. ಕೂಡುರಸ್ತೆಯಲ್ಲಿ ಜಾಗ ಸಾಲದೆ ಜನ ಇಲ್ಲಿಯವರೆಗೂ ಬಂದು ಕೂತಿದ್ದರು. ರಸ್ತೆಯ ತುಂಬ ನೀಲಿ ಟಾರ್ಪಾಲ್. ಅದರ ಮೇಲೆ ಲೈನಿನ ಹೆಂಗಸರು, ಸೊಂಟಕ್ಕೆ ಪಿಕ್ಕಿಂಗ್ ಚೀಲ ಕಟ್ಟಿಕೊಂಡೇ ಬಂದಿದ್ದರು. ಆ ಚೀಲಗಳು ಖಾಲಿ ಇದ್ದವು. ಅವರ ಹಿಂದೆ ತೋಟದ ಯಜಮಾನರು, ಟೋಪಿ ಹಾಕಿದ ಹಿರಿಯರು, ಅಂಗಡಿಯವರು, ಕಾಲೇಜಿನ ಹುಡುಗಿಯರು. ಅಡ್ಡಕ್ಕೆ ನಿಲ್ಲಿಸಿದ ಜೀಪುಗಳು, ಪಿಕಪ್ಪಿನ ಮೇಲೆ ಮೈಕು. 'ಬೇಕೇ ಬೇಕು, ನ್ಯಾಯ ಬೇಕು' ಎಂಬ ಕೂಗು ಗುಡ್ಡಕ್ಕೆ ಬಡಿದು ವಾಪಸು ಬರುತ್ತಿತ್ತು. ನಮ್ಮ ಕಡೆ ಅಷ್ಟು ಜನ ಒಂದು ಕಡೆ ಸೇರಿದ್ದನ್ನು ನಾನು ಯಾವ ಮದುವೆಯಲ್ಲೂ ಕಂಡಿರಲಿಲ್ಲ.

ಹಿಂದಿನ ಸೀಟಿನ ತಂಗಿ ಹೆದರಿ ನನ್ನ ಭುಜ ಹಿಡಿದರು. ಪಕ್ಕದಲ್ಲಿದ್ದ ಅಕ್ಕ ಜನವನ್ನು ನೋಡಿದರು, ನನ್ನನ್ನು ನೋಡಿದರು. ರಸ್ತೆ ರಿಪೇರಿ ಜೋರಾಗಿಯೇ ನಡೆದಿದೆ ಎಂದರು.

ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಇದ್ದಷ್ಟು ಇಂಗ್ಲಿಷಿನಲ್ಲಿ ಹೇಳಿದೆ. ಆನೆ ಬಂತು, ಒಬ್ಬ ಹೆಂಗಸು, ಕಾಲು ಮುರಿಯಿತು, ಆಸ್ಪತ್ರೆ, ಅದಕ್ಕೆ ಇವರೆಲ್ಲ. ಆ ಹೆಂಗಸು ಎಲ್ಲಿಗೆ ಹೋಗುತ್ತಿದ್ದಳು ಎಂದು ತಂಗಿ ಕೇಳಿದರು. ಕಾಫಿ ಹಣ್ಣು ಕೀಳಲು ಎಂದೆ. ಯಾರ ತೋಟಕ್ಕೆ ಎಂದರು. ನಾನು ಗೇರಿನ ಮೇಲೆ ಕೈಯಿಟ್ಟುಕೊಂಡು ರಸ್ತೆಯನ್ನೇ ನೋಡಿದೆ. ತಂಗಿ ಮತ್ತೆ ಕೇಳಲು ಬಾಯಿ ತೆರೆದಾಗ ಅಕ್ಕ ಅವರ ಭಾಷೆಯಲ್ಲಿ ಏನೋ ಒಂದು ಚಿಕ್ಕ ಮಾತು ಹೇಳಿದರು. ತಂಗಿ ಮತ್ತೆ ಗಡಿಯಾರ ನೋಡಿದರು.

ಹಿಂದಕ್ಕೆ ಹೋಗೋಣವೆಂದರೆ ನಮ್ಮ ಹಿಂದೆ ಆಗಲೇ ಎರಡು ಬಸ್ಸು, ಒಂದು ಲಾರಿ ನಿಂತಾಗಿತ್ತು. ಟೀ ಅಂಗಡಿಯ ಮಲಯಾಳಿ ಸ್ಟೀಲ್ ಡ್ರಮ್ಮಿನಲ್ಲಿ ಕಾಫಿ ಹಂಚುತ್ತ ಬಂದವನು ಜೀಪು ನೋಡಿ ನಿಂತ. "ಚೇಚಿ, ಬಂದ್ರಾ! ಮೇಷ್ಟ್ರು ಆಗ್ಲಿಂದ ನಿಮ್ಮನ್ನೇ ಕೇಳ್ತಾ ಇದ್ರು" ಎಂದ. ವ್ಯಂಗ್ಯವೇನೂ ಇರಲಿಲ್ಲ. ನನಗೆ ಮಾತ್ರ ಪ್ರತಿ ಅಕ್ಷರವೂ ಚುಚ್ಚಿತು. ಅವನು ನೆಂಟರಿಬ್ಬರಿಗೂ ಲೋಟ ಕೊಟ್ಟ, ಇಳಿದು ನೆರಳಿಗೆ ಬನ್ನಿ ಎಂದು ಕೈಸನ್ನೆ ಮಾಡಿದ. ಅಕ್ಕ ಓರೆಯಾಗಿ ಇಳಿದರು, ತಂಗಿ ಅವರ ಹಿಂದೆ. ಹೆಂಗಸರು ಸರಿದು ಟಾರ್ಪಾಲಿನ ಮೇಲೆ ಜಾಗ ಮಾಡಿದರು. ಅಕ್ಕನಿಗೆ ನೆಲಕ್ಕೆ ಕೂರಲಾಗುವುದಿಲ್ಲವೆಂದು ಯಾರೋ ಕಾಫಿ ಮೂಟೆಯೊಂದನ್ನು ತಂದು ಹಾಕಿದರು. ನಾನು ಸ್ಟೀರಿಂಗ್ ಹಿಡಿದುಕೊಂಡು ಜೀಪಿನಲ್ಲೇ ಉಳಿದೆ.

ಅಷ್ಟರಲ್ಲಿ ನಮ್ಮೂರಿನ ಮೇಷ್ಟ್ರು ಹಾಜರಿ ಪುಸ್ತಕ ತೆಗೆದರು. ನಮ್ಮೂರಿನವರು ರಸ್ತೆ ಬದಿಯ ಮರದ ಕೆಳಗೆ ಒಟ್ಟಾಗಿ ಕೂತಿದ್ದರು. ಮೇಷ್ಟ್ರು ಒಂದೊಂದೇ ಮನೆ ಕೂಗುತ್ತ ಹೋದರು. ಒಂದೊಂದೇ ಕೈ ಮೇಲೇಳುತ್ತ ಹೋಯಿತು. ಕೆಲವರು ಹಾಜರ್ ಅಂದರು, ಕೆಲವರು ಹೂಂ ಅಂದರು, ಒಬ್ಬ ಅಜ್ಜ ನಾನು ನಿನ್ನ ಎದುರಿಗೇ ಕೂತಿದ್ದೇನಲ್ಲ ಮಾರಾಯ ಎಂದು ರೇಗಿದ.

"ಸೊಪ್ಪುಸಾರಿನ ಮನೆ?"

ಯಾವ ಕೈಯೂ ಏಳಲಿಲ್ಲ. ನಾನು ಕೈ ಎತ್ತಬಹುದಿತ್ತು. ಜೀಪಿನೊಳಗಿಂದ ಎತ್ತಿದರೂ ಕಾಣುತ್ತಿತ್ತು. ಆದರೆ ಕೈ ಎತ್ತಿದರೆ ಬಂದೆ ಎಂದ ಹಾಗೆ. ನಾನು ಬಂದವಳಲ್ಲ, ಸಿಕ್ಕಿಬಿದ್ದವಳು. ಎಲ್ಲರ ಮುಖವೂ ಮೆಲ್ಲಗೆ ನನ್ನ ಜೀಪಿನ ಕಡೆ ತಿರುಗಿತು.

ಅಕ್ಕ ಇದನ್ನೆಲ್ಲ ನೋಡುತ್ತಿದ್ದರು. ಒಂದು ಕೂಗಿಗೆ ಒಂದು ಕೈ ಏಳುತ್ತದೆ ಎಂಬುದು ಅವರಿಗೆ ಆಗಲೇ ತಿಳಿದಿತ್ತು. ಈ ಕೂಗಿಗೆ ಕೈ ಎದ್ದಿಲ್ಲ, ಜನ ಜೀಪನ್ನು ನೋಡುತ್ತಿದ್ದಾರೆ, ಅಂದರೆ ಕೂಗಿದ್ದು ನಮ್ಮ ಮನೆಯನ್ನು ಎಂಬುದೂ ತಿಳಿಯಿತು. ಕಾಫಿ ಲೋಟ ಕೆಳಗಿಟ್ಟು, ಬಲಗೈ ಪೂರಾ ಮೇಲೆತ್ತಿ, ನಮ್ಮ ಅಡುಗೆಮನೆಗೆ ಕೇಳಿಸುವಷ್ಟೇ ಗಟ್ಟಿಯಾಗಿ ಕೂಗಿದರು. "ಬಂದೆ!"

ಆಮೇಲೆ ಆ ನಗು! ಅಷ್ಟು ದಿನದ ಸಂಕಟದ ನಡುವೆ ಜನಕ್ಕೆ ನಗಲು ಏನೋ ಒಂದು ಬೇಕಾಗಿತ್ತೋ ಏನೋ. ಪಿಕ್ಕಿಂಗಿನ ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಮೇಷ್ಟ್ರು ನಗಲಿಲ್ಲ. ಕನ್ನಡಕ ಸರಿಮಾಡಿಕೊಂಡು, "ನೆಂಟ್ರಾದ್ರೂ ಒಂದೇ ಒಲೆ ಅನ್ನ ತಿಂದೋರು. ಹಾಜರ್" ಎಂದು ಬರೆದುಕೊಂಡರು. ಮುಂದಿನ ಮನೆ ಕೂಗಿದರು.

ನಾನು ಜೀಪಿನಲ್ಲಿ ಅತ್ತೆ. ನನ್ನ ಮನೆಯ ಅನ್ನ ನಾಲ್ಕು ದಿನ ತಿಂದವರು ನನ್ನ ಮನೆಯ ಪರವಾಗಿ ಕೈ ಎತ್ತಿದರು. ಹನ್ನೊಂದು ಕುಯಿಲಿನ ಹಣ್ಣು ಕಿತ್ತುಕೊಟ್ಟವಳಿಗಾಗಿ ನನ್ನ ಕೈ ಏಳಲಿಲ್ಲ. ಸೆರಗಿನಲ್ಲಿ ಮುಖ ಒರೆಸಿಕೊಂಡು, ಕೀ ತೆಗೆದು, ಕೆಳಗಿಳಿದೆ.

ಇಳಿಯುವಷ್ಟರಲ್ಲಿ ಪೊಲೀಸ್ ಅಧಿಕಾರಿಯೊಬ್ಬರು ಬಿಳಿ ತಲೆಗಳನ್ನು ನೋಡಿ ದಾಪುಗಾಲು ಹಾಕಿಕೊಂಡು ಬಂದರು. "ಏನ್ರೀ ಮೇಷ್ಟ್ರೇ, ಫಾರಿನರ್ಸ್‌ನ ಧರಣಿಗೆ ಕೂರಿಸಿದ್ದೀರಾ? ವೀಸಾ ತೊಂದ್ರೆ ಆಗ್ತದೆ ಗೊತ್ತಾ ಅವ್ರಿಗೆ?"

"ಧರಣಿಗೆ ಕೂತಿಲ್ಲ ಸಾರ್. ರಸ್ತೆ ಬಂದ್ ಆಗಿದೆ, ಮುಂದೆ ಹೋಗೋಕ್ಕಾಗ್ದೆ ಕೂತಿದ್ದಾರೆ."

"ರಸ್ತೆ ಬಂದ್ ಮಾಡಿದ್ದು ಯಾರು?"

"ನಾವೇ."

ಅಧಿಕಾರಿಗೂ ನಗು ಬಂತು. "ಬೋರ್ಡು ಗೀರ್ಡು ಕೈಗೆ ಕೊಡ್ಬೇಡಿ, ಘೋಷಣೆ ಕೂಗಿಸ್ಬೇಡಿ, ಫೋಟೋ ಹಾಕ್ಬೇಡಿ" ಎಂದರು. ಹೋಗುವಾಗ ಅವರೂ ಒಂದು ಲೋಟ ಕಾಫಿ ಕುಡಿದು ಹೋದರು.

ನಾನು ಎಲ್ಲಿ ಕೂರಬೇಕೆಂದು ತಿಳಿಯದೆ ನಿಂತಿದ್ದೆ. ಟಾರ್ಪಾಲಿನ ಅಂಚಿನಲ್ಲಿ, ಆನೆಗೆ ಸಿಕ್ಕಿದವಳ ಗಂಡ ಇದ್ದ. ಎಸ್ಟೇಟಿನಲ್ಲಿ ನೆರಳಿನ ಮರ ಹತ್ತಿ ಕೊಂಬೆ ಸವರುವ ಮರಗಸಿ ಕೆಲಸದವನು, ಮಾತು ಕಡಿಮೆ. ಹಿಂದಿನ ಸಂಜೆಯಷ್ಟೇ ಆಸ್ಪತ್ರೆಯಿಂದ ಬಂದಿದ್ದ. ಅವನು ಸರಿದುಕೊಂಡು ಪಕ್ಕದ ಜಾಗ ಕೈಯಿಂದ ಒರೆಸಿದ.

"ಕೂತ್ಕೊಳಿ ಅಮ್ಮಾ. ಇಲ್ಲಿ ನೆರಳಿದೆ."

ಕೂತೆ. ಪಕ್ಕದಲ್ಲಿ ಯಾರು ಕೇಳಿಸಿಕೊಳ್ಳುತ್ತಾರೆ ಎಂದು ನೋಡಲಿಲ್ಲ. "ಬೇಗ ಬಾ ಅಂದಿದ್ದು ನಾನೇ. ಅವ್ಳು ಮಂಜು ಇರ್ತದೆ ಅಂದ್ಲು. ನಾನೇ ಕೇಳ್ಲಿಲ್ಲ" ಎಂದೆ.

"ಗೊತ್ತು ಅಮ್ಮಾ" ಎಂದ. "ಎಚ್ರ ಆದಾಗ್ಲಿಂದ ಅವ್ಳು ದಿನಾ ಕೇಳೋದು ಒಂದೇ. ಅಮ್ಮ ಬಂದ್ರಾ ಅಂತ" ಎಂದ.

"ಬೈಯೋಕಾ?"

ಅವನು ನನ್ನ ಮುಖವನ್ನು ಅರ್ಥವಾಗದವನ ಹಾಗೆ ನೋಡಿದ. "ಇಲ್ಲಮ್ಮಾ. ನೋಡೋಕೆ."

ಬಿಸಿಲೇರಿತು. ಅಡಿಕೆ ಹಾಳೆಯ ತಟ್ಟೆಯಲ್ಲಿ ಉಪ್ಪಿಟ್ಟು ಬಂತು. ತಂಗಿ ಗಡಿಯಾರ ನೋಡುವುದನ್ನು ಬಿಟ್ಟು ಪಿಕ್ಕಿಂಗ್ ಚೀಲ ಕಟ್ಟುವುದು ಹೇಗೆಂದು ಒಬ್ಬಳಿಂದ ಕಲಿಯುತ್ತಿದ್ದರು. ಅಕ್ಕ ಮೂಟೆಯ ಮೇಲೆ ಕೂತು, ತಮ್ಮ ಊರಿನಲ್ಲಿ ಟ್ರಾಮಿನವರೆಲ್ಲ ಮುಷ್ಕರ ಮಾಡಿದ ಚಳಿಗಾಲದ ಕಥೆಯನ್ನು ಕೈಬಾಯಿ ತಿರುಗಿಸಿ ಹೇಳುತ್ತಿದ್ದರು. ಕೇಳುತ್ತಿದ್ದವರಿಗೆ ಒಂದು ಮಾತೂ ತಿಳಿಯುತ್ತಿರಲಿಲ್ಲ, ಆದರೂ ಎಲ್ಲರೂ ತಲೆಯಾಡಿಸುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ದೊಡ್ಡ ಅಧಿಕಾರಿಗಳು ಬಂದರು, ಚಿಕಿತ್ಸೆಯ ಖರ್ಚು ಇಲಾಖೆಯದು, ಬೇಲಿ ಕೆಲಸ ಶುರುಮಾಡುತ್ತೇವೆ ಎಂದು ಬರೆದುಕೊಟ್ಟರು. ಚಿಕಿತ್ಸೆ ನಡೆಯಿತು. ಬೇಲಿ ಅರ್ಧ ಆಗಿ ನಿಂತಿದೆ, ಅದಕ್ಕೆ ಇನ್ನೂ ಎಷ್ಟು ಸಲ ಕೂರಬೇಕೋ.

ರೈಲು ತಪ್ಪಿತ್ತು. ನಾನು ಕೈಮುಗಿದು ತಪ್ಪಾಯಿತೆಂದೆ. ನಾಳೆಯೂ ರೈಲಿದೆಯಲ್ಲ ಎಂದರು ಅಕ್ಕ. ಮನೆಗೆ ವಾಪಸು ಬಂದಾಗ ನನ್ನ ಗಂಡ ಪೇಪರ್ ಕೆಳಗಿಟ್ಟು ಮೂವರ ಮುಖವನ್ನೂ ನೋಡಿದರು.

"ರೈಲು ಸಿಗ್ಲಿಲ್ವಾ?"

"ಇಲ್ಲ. ಹಾಜರಿ ಸಿಕ್ತು" ಎಂದೆ. ಆಗ ಅವರಿಗೆ ಎಲ್ಲ ಹೇಳಿದೆ. ಅವರೂ ಏನೂ ಹಂಗಿಸಲಿಲ್ಲ. ಅಂದು ಅಕ್ಕಿರೊಟ್ಟಿ, ಎಣ್ಣೆಗಾಯಿ ಮಾಡಿದೆ, ಊಟಕ್ಕೆ ಕೂಗುವ ಮೊದಲೇ ನನ್ನ ಗಂಡ ಬಂದು ಕೂತಿದ್ದರು.

ಮಾರನೆಯ ದಿನ ಮೈಸೂರು ಮುಟ್ಟಿದಾಗ ರೈಲಿಗೆ ಇನ್ನೂ ಮೂರು ಗಂಟೆ ಇತ್ತು. ಸ್ಟೇಷನ್ನಿಗೆ ತಿರುಗುವಲ್ಲಿ ಅಕ್ಕ ಆಸ್ಪತ್ರೆ ಎಲ್ಲಿ ಎಂದು ಕೇಳಿದರು. ಕೇಳದಿದ್ದರೂ ನಾನು ಹೋಗುತ್ತಿದ್ದೆ, ಹಣ್ಣು ಹಂಪಲು ಹಿಂದಿನ ಸೀಟಿನಲ್ಲಿ ಇಟ್ಟುಕೊಂಡೇ ಬಂದಿದ್ದೆ. ಆದರೆ ಅವರನ್ನು ಇಳಿಸಿದ ಮೇಲೆ, ಒಬ್ಬಳೇ, ಬಾಗಿಲವರೆಗೆ ಹೋಗಿ ಹಿಂದಿರುಗುತ್ತಿದ್ದೆನೇನೋ. ಹೇಳಲಾರೆ.

ಅವಳು ವಾರ್ಡಿನ ಕಿಟಕಿಯ ಪಕ್ಕದ ಮಂಚದಲ್ಲಿದ್ದಳು. ಕಾಲಿಗೆ ತೂಕ ಕಟ್ಟಿದ್ದರು. ಯಾವಾಗಲೂ ತಲೆಗೆ ಸುತ್ತಿರುತ್ತಿದ್ದ ಬಟ್ಟೆ ಇಲ್ಲದೆ ಅವಳ ಮುಖ ಸಣ್ಣದಾಗಿ ಕಂಡಿತು. ನನ್ನನ್ನು ನೋಡಿ ಏಳಲು ಹೋದಳು.

"ಬಂದ್ರಾ ಅಮ್ಮಾ" ಎಂದಳು. ಆಮೇಲೆ, "ಆ ಮೇಲಿನ ಬ್ಲಾಕ್ ಹಣ್ಣು ಪೂರ್ತಿ ಆಯ್ತಾ? ಉದುರಿಹೋಗಿರ್ತದೆ" ಎಂದಳು.

ಅವಳ ಕೈ ಹಿಡಿದುಕೊಂಡು, ತಪ್ಪು ನನ್ನದು ಕಣೇ ಎಂದೆ. ಅವಳು ಅಲ್ಲ ಎನ್ನಲಿಲ್ಲ, ಇರಲಿ ಬಿಡಿ ಎಂದೂ ಅನ್ನಲಿಲ್ಲ. ಅದಕ್ಕೆ ಇವತ್ತಿಗೂ ನಾನು ಅವಳಿಗೆ ಋಣಿ. ಸುಮ್ಮನೆ ಕ್ಷಮಿಸಿದ ಹಾಗೆ ಮಾಡಿದ್ದರೆ ನಾನು ನಂಬುತ್ತಿರಲಿಲ್ಲ.

"ಅಮ್ಮಾ, ಉಳಿದೋರಿಗೆ ಬೇಗ ಬರೋಕೆ ಹೇಳ್ಬೇಡಿ" ಎಂದಳು. "ಮುಂದೆ ನಡೆಯೋಕೆ ನಾನಿಲ್ಲ ಈಗ. ಅವ್ಕೆ ದಾರಿ ನೋಡೋಕೆ ಬರಲ್ಲ."

ತಂಗಿ ಹೊರಗೆ ಹೋಗಿ ನಿಂತರು. ಅಕ್ಕ ಮಾತ್ರ ಮಂಚದ ಹತ್ತಿರ ಬಂದು, ತಮ್ಮ ಸೊಂಟವನ್ನು ಬೆರಳಿನಿಂದ ತಟ್ಟಿ ತೋರಿಸಿದರು. ಒಳಗೆ ಲೋಹ ಇದೆ ಎಂದು ನಾನು ಕನ್ನಡದಲ್ಲಿ ಹೇಳಿದೆ. ಅವಳು ನಂಬಲಿಲ್ಲ. ಅಕ್ಕ ವಾರ್ಡಿನ ಈ ತುದಿಯಿಂದ ಆ ತುದಿಗೆ ನಡೆದು ತೋರಿಸಿದರು, ಒಮ್ಮೆ ತಿರುಗಿದರು, ಸೈಕಲ್ ತುಳಿಯುವ ಹಾಗೆ ಕಾಲಾಡಿಸಿ ತೋರಿಸಿದರು. ನರ್ಸ್ ಬಂದು ಇದೇನು ಎಂದು ಬೈದರು. ಅವಳು, ಅಷ್ಟು ದಿನದಲ್ಲಿ ಮೊದಲ ಸಲವಂತೆ, ನಕ್ಕಳು.

ಸ್ಟೇಷನ್ನಿನಲ್ಲಿ ಅಕ್ಕನನ್ನು ಅಪ್ಪಿಕೊಂಡೆ. ಥ್ಯಾಂಕ್ಯೂ ಎಂದು ಎಷ್ಟು ಸಲ ಹೇಳಿದೆನೋ. ಯಾವುದಕ್ಕೆ ಎಂದು ವಿವರಿಸುವಷ್ಟು ಇಂಗ್ಲಿಷು ನನ್ನಲ್ಲಿರಲಿಲ್ಲ, ಕನ್ನಡದಲ್ಲೂ ಇತ್ತೋ ಇಲ್ಲವೋ. ಅವರು ರಸ್ತೆ ಚೆನ್ನಾಗಿ ರಿಪೇರಿಯಾಯಿತು ಎಂದು ಕೆನ್ನೆ ತಟ್ಟಿ ರೈಲು ಹತ್ತಿದರು. ಬಲಗಾಲು ಮೊದಲು, ಓರೆಯಾಗಿ.

ಕೆಲವು ತಿಂಗಳಾದ ಮೇಲೆ ಒಮ್ಮೆ ಮೇಷ್ಟ್ರ ಮನೆಗೆ ಹೋಗಿ ಆ ಪುಸ್ತಕ ಕೇಳಿದೆ. ಆ ದಿನದ ಪುಟದಲ್ಲಿ ನಮ್ಮ ಮನೆಯ ಮುಂದೆ 'ಹಾಜರ್, ನೆಂಟರು' ಎಂದು ದುಂಡಗೆ ಬರೆದಿತ್ತು. ನಾನೂ ಆಮೇಲೆ ಇಳಿದು ಕೂತಿದ್ದೆನಲ್ಲ, ನನ್ನದನ್ನೂ ಸೇರಿಸಿ ಎಂದೆ.

"ಮನೆಗೊಬ್ರೇ" ಎಂದು ಮೇಷ್ಟ್ರು ಪುಸ್ತಕ ಮುಚ್ಚಿದರು. ಒಳ್ಳೆಯದೇ ಆಯಿತು.

ಅವಳು ಮುಂದಿನ ಕುಯಿಲಿಗೆ ಬಂದಳು. ಗಿಡದಿಂದ ಗಿಡಕ್ಕೆ ನಡೆದು ಕೀಳಲು ಆಗುವುದಿಲ್ಲ. ಕಣದಲ್ಲಿ ಕೂತು ಕಾಫಿ ಆರಿಸುತ್ತಾಳೆ, ಕೂತಲ್ಲಿಂದಲೇ ಎಲ್ಲರನ್ನೂ ಆಳುತ್ತಾಳೆ, ನನ್ನನ್ನೂ ಸೇರಿಸಿ. ನಮ್ಮ ತೋಟದಲ್ಲಿ ಈಗ ಬಿಸಿಲು ಬೀಳದೆ ಯಾರೂ ಕಾಲಿಡುವ ಹಾಗಿಲ್ಲ. ಕಾಲುದಾರಿಯಲ್ಲಿ ನಡೆದು ಬರುವುದನ್ನು ನಿಲ್ಲಿಸಿದೆ. ಎಂಟು ಗಂಟೆಗೆ ನಾನೇ ಜೀಪು ತೆಗೆದುಕೊಂಡು, ದಾರಿಯುದ್ದಕ್ಕೂ ಹಾರನ್ ಹೊಡೆಯುತ್ತ, ಲೈನಿನ ಬಾಗಿಲಿಗೆ ಹೋಗುತ್ತೇನೆ. ಹೆಂಗಸರು ಹಿಂದೆ ಹತ್ತುತ್ತಾರೆ. ಮುಂದಿನ ಸೀಟು ಅವಳದು. ಬಲಗಾಲು ಮೊದಲಿಟ್ಟು ಓರೆಯಾಗಿ ಹತ್ತುತ್ತಾಳೆ. ಹಾಗೆ ಹತ್ತಬೇಕೆಂದು ನಾನೇ ಕಲಿಸಿದೆ, ನಾನು ಯಾರಿಂದ ಕಲಿತೆ ಎಂದು ಅವಳಿಗೆ ಗೊತ್ತು.

ಹತ್ತಿ ಕೂತವಳು ಹಿಂದಕ್ಕೆ ತಿರುಗಿ ಒಬ್ಬೊಬ್ಬರ ಹೆಸರನ್ನೂ ಕೂಗುತ್ತಾಳೆ. ಆ ಧರಣಿಯ ಕಥೆ ಕೇಳಿದಾಗಿನಿಂದ ಹಿಡಿದ ಅಭ್ಯಾಸ. ಎಲ್ಲರೂ ಓಗೊಟ್ಟ ಮೇಲೆ, ಕೊನೆಗೆ, ನನ್ನ ಕಡೆ ತಿರುಗುತ್ತಾಳೆ.

"ಅಮ್ಮಾ?"

"ಬಂದೆ" ಎನ್ನುತ್ತೇನೆ. ಆಮೇಲೆಯೇ ಜೀಪು ಹೊರಡುವುದು.